ಕೆಂಪಿಗೆ ಮಾತು ಬಂದ ಸುಗ್ಗಿ

ಹೋದ ಫೆಬ್ರುವರಿಯಲ್ಲಿ ಇಳಕಲ್ಲಿಗೆ ಹೋಗುವಾಗ ಹುನಗುಂದದ ಈಚೆ ನಮ್ಮ ಬಸ್ಸು ಪಂಕ್ಚರ್ ಆಗಿ ನಿಂತಿತು. ಪಕ್ಕದಲ್ಲೇ ಅರಳೆ ಗಿರಣಿ. ಅಂಡಿಗೆಯ ಗಂಟು ಬಿಚ್ಚಿದ ಹತ್ತಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಒಣಗಿದ ಎಲೆಯ ಪುಡಿ, ಬಿಸಿಲು, ಹತ್ತಿಕಾಳಿನ ಎಣ್ಣೆ ಎಲ್ಲ ಕೂಡಿದ ವಾಸನೆ ಅದು. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಹಸಿವೆಯಲ್ಲ. ಮೂವತ್ತು ಚಿಲ್ಲರೆ ವರ್ಷದ ಹಿಂದಿನ ಹೊಟ್ಟೆಕಿಚ್ಚು. ನಾನು ರಿಟೈರ್ ಆದೆ, ಅದು ಇನ್ನೂ ಆಗಿಲ್ಲ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಳೆಯ ಬಾಗಲಕೋಟೆ ಇನ್ನೂ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರಲಿಲ್ಲ. ಅಲ್ಲಿ ಹತ್ತಿ ಮಾರಾಟದ ಒಂದು ಸಂಘದಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ನಮ್ಮಪ್ಪ ಇಳಕಲ್ಲಿನ ನೇಕಾರ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟುಕೊಂಡೇ ಮುದುಕನಾದವನು. ರುಜು ಹಾಕುವಷ್ಟು ಅಕ್ಷರ ಕಲಿತಿದ್ದ. ಅವ್ವನಿಗೆ ಅದೂ ಇರಲಿಲ್ಲ. ಅವರ ಮಗಳು ನಾನು ಬಿ.ಎಸ್‌ಸಿ. ಮುಗಿಸಿದೆ. ದೂರದ ಚಿಗವ್ವನ ಮನೆಯಲ್ಲಿ ಮುಸುರೆ ತಿಕ್ಕಿ ಓದಿದೆ, ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದೆ. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಯಾರೋ ಕೊಟ್ಟದ್ದಲ್ಲ, ನಾನು ದುಡಿದು ತಂದದ್ದು.

ಸಂಘದ ಅಂಗಳ ಸಣ್ಣದು. ಸುಗ್ಗಿಯಲ್ಲಿ ಎಲ್ಲ ಊರಿನ ಹತ್ತಿಯೂ ಒಮ್ಮೆಲೇ ಬಂದರೆ ಬಂಡಿ ನಿಲ್ಲಲು ಜಾಗವಿರಲಿಲ್ಲ. ಅದಕ್ಕೆ ಊರಿಗೊಂದು ಪಾಳಿ. ಇವತ್ತು ಶಿರೂರು, ನಾಳೆ ತುಳಸಿಗೇರಿ, ಹೀಗೆ. ಬೆಳಿಗ್ಗೆ ಬರೆದ ಪಾಳಿ ಮಧ್ಯಾಹ್ನದವರೆಗೆ ಉಳಿಯುತ್ತದೆಂಬ ನಂಬಿಕೆ ಇಲ್ಲ. ಕರೆಂಟು ಹೋದರೆ, ಗೋದಾಮು ತುಂಬಿದರೆ, ಹಮಾಲರು ಮುನಿಸಿಕೊಂಡರೆ ಯಾವುದೋ ಊರಿನ ಪಾಳಿ ನಿಂತುಬಿಡುತ್ತಿತ್ತು. ಅದು ತಿಳಿಯದೆ ಬಂದವರು ಎತ್ತು, ಹೆಂಡತಿ, ಮಕ್ಕಳ ಸಮೇತ ರಸ್ತೆಯ ಮೇಲೆ ಬಿದ್ದುಕೊಳ್ಳಬೇಕು. ಆದ್ದರಿಂದ ಊರೂರಿನ ಪೋಸ್ಟಾಫೀಸಿನಿಂದ ದಿನವಿಡೀ ಫೋನು: ನಮ್ಮ ಪಾಳಿ ಐತೇನ್ರಿ?

ಆ ಪಾಳಿಯನ್ನು ಕಂಪ್ಯೂಟರಿನ ಪರದೆಯ ಮೇಲೆ ಕನ್ನಡದಲ್ಲಿ ತೋರಿಸಿದವಳು ನಾನು. ನಮ್ಮಲ್ಲಿದ್ದ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಅಪ್ಪ ಸೀರೆಯ ದಡಿಗೆ ಹೊಸ ನಮೂನೆ ಬೇಕಾದಾಗ ಚೌಕಳಿ ಹಾಳೆಯ ಮೇಲೆ ಮನೆ ತುಂಬಿಸಿ ನೋಡುತ್ತಿದ್ದ. ನಾನೂ ಹಾಗೆಯೇ ತುಂಬಿಸಿದೆ. ಯಾವ ಚೌಕದಲ್ಲಿ ಚುಕ್ಕಿ ಹೊತ್ತಬೇಕು, ಯಾವುದರಲ್ಲಿ ಆರಬೇಕು ಎಂದು ಒಂದೊಂದೇ ಅಕ್ಷರವನ್ನು ಹಾಳೆಯ ಮೇಲೆ ನೇಯ್ದು, ಆಮೇಲೆ ಯಂತ್ರಕ್ಕೆ ಹೇಳಿಕೊಟ್ಟೆ. ಬೇಸಿಗೆ ಮಳೆಗಾಲ ಎರಡೂ ಅದರಲ್ಲೇ ಹೋದವು. ಪರದೆಯ ಮೇಲೆ ‘ಬಾದಾಮಿ’ ಎಂದು ದುಂಡಗೆ ಮೂಡಿದ ದಿನ ಚೇರ್ಮನ್ ಸಾಹುಕಾರರು ಮಾನಿಟರಿಗೆ ಕುಂಕುಮ ಹಚ್ಚಿಸಿ ಕಾಯಿ ಒಡೆಸಿದರು. ನಿಂತ ಪಾಳಿ ದೂರದಿಂದಲೇ ಕಾಣಬೇಕು, ಕೆಂಪು ಮಾಡು ಎಂದರು. ಸರಿ, ಪಾಳಿ ಇದ್ದ ಊರು ಹಸಿರು, ನಿಂತ ಊರು ಕೆಂಪು. ನೇಕಾರರ ಮನೆಯವರಿಗೆ ಬಣ್ಣವೆಂದರೆ ಹೇಳಿ ಮುಗಿಸಿದ ಮಾತು. ಇಳಕಲ್ಲಿನ ಕೆಂಪು ಸೆರಗನ್ನು ಕಂಡು ಇದು ಎಲ್ಲಿಯ ಸೀರೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ.

ಫೋನಿಗೆ ಕೂಡುತ್ತಿದ್ದವನು ಮಾಂತೇಶ. ಐಹೊಳೆಯವನು, ಹುಟ್ಟು ಕುರುಡ. ಹುಬ್ಬಳ್ಳಿಯ ಅಂಧರ ಶಾಲೆಯಲ್ಲಿ ಓದಿ ಟೆಲಿಫೋನ್ ಆಪರೇಟರ್ ಆಗಿ ಬಂದಿದ್ದ. ಅವನ ಮೇಜು ನನ್ನ ಮೇಜಿಗೆ ಹತ್ತಿಕೊಂಡೇ ಇತ್ತು. ಅವನಿಗೆ ಫೋನು ಬಂದರೆ ನಾನು ಪರದೆ ನೋಡಿ ಹೇಳುವುದು, ಅವನು ಆ ಕಡೆಯವರಿಗೆ ಹೇಳುವುದು. ಬರೀ ಪಾಳಿಯಲ್ಲ. ಅವನಿಗೆ ಬಂದ ಪತ್ರ, ಪೇಪರಿನ ಸುದ್ದಿ, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರಿನ ತನಕ ಎಲ್ಲ ನಾನೇ ಓದುತ್ತಿದ್ದೆ. ಮಾತಿನಲ್ಲಿ ಭಾರೀ ಗಟ್ಟಿ ಮನುಷ್ಯ. ನಾನು ಊಟಕ್ಕೆ ಎದ್ದರೆ, ಕಣ್ಣು ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡಿ, ಇಲ್ಲೇ ಮೇಜಿನ ಮೇಲಿಟ್ಟು ಹೋಗಿ ಎನ್ನುತ್ತಿದ್ದ. ನನಗೆ ತಮ್ಮಂದಿರಿರಲಿಲ್ಲ. ಅವನು ‘ಕಸ್ತೂರೆಕ್ಕಾರ’ ಎಂದು ಕರೆದಾಗ ಆಫೀಸಿನಲ್ಲಿ ನನಗೊಂದು ತೂಕ ಬಂದಂತೆ ಅನ್ನಿಸುತ್ತಿತ್ತು. ನನ್ನನ್ನು ಬಿಟ್ಟರೆ ಅವನಿಗೆ ದಾರಿಯಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗೆ ಗೊತ್ತಿರುವುದು ನನಗೆ ಸಿಹಿಯಾಗಿತ್ತು.

ಆ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಊರಿಗೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂತು. ಇನ್ನು ಮೇಲೆ ಫೋನು ಯಾರಿಗೆ ಬೇಕೋ ಅವರಿಗೇ ನೇರ ಹೋಗುತ್ತದೆ, ನಡುವೆ ಆಪರೇಟರ್ ಏಕೆ ಎಂದು ಡೈರೆಕ್ಟರರು ಕೇಳಿದರು. ಪಾಳಿ ಹೇಳಲು ಬೇಕು ಎಂದು ನಮ್ಮ ಮ್ಯಾನೇಜರು ವಾದಿಸಿದರು. ಪರದೆ ನೋಡುವುದು ಆ ಹುಡುಗಿ, ಹೇಳುವುದು ಇವನು, ಒಂದು ಕೆಲಸಕ್ಕೆ ಇಬ್ಬರೇಕೆ ಎಂಬ ಉತ್ತರ ಬಂತು. ಕೊನೆಗೆ ಮಾರ್ಚಿನ ಸಭೆಯವರೆಗೆ ಗಡುವು. ಯಾರ ಸಹಾಯವಿಲ್ಲದೆ ಪರದೆಯ ಮೇಲಿನದನ್ನು ಹೇಳಿ ತೋರಿಸಿದರೆ ಮಾಂತೇಶ ಉಳಿಯುತ್ತಾನೆ. ಇಲ್ಲದಿದ್ದರೆ ಮನೆಗೆ.

ಮ್ಯಾನೇಜರು ಇದನ್ನು ಹೇಳಿ ಹೋದ ಮೇಲೆ ಮಾಂತೇಶ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕುಳಿತ. ಆಮೇಲೆ ಹೇಳಿದ:

“ಐಹೊಳ್ಳಿಗೆ ಹ್ವಾದ್ರ ಗುಡಿ ಮುಂದ ಕೂಡೂದ ನೋಡ್ರಿ ಅಕ್ಕಾರ. ಫಾರಿನ್ ಮಂದಿ ಫೋಟೋ ಹೊಡಕೊಂತಾರ. ಪಗಾರ ಕೊಡೂದಿಲ್ಲ.”

ಅವನು ನಕ್ಕ. ನನಗೆ ನಗು ಬರಲಿಲ್ಲ. ಊರಲ್ಲಿ ಅವನ ತಾಯಿ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು.

ಅವನು ಓದಿದ ಶಾಲೆಯ ಗುರುಗಳೊಬ್ಬರು ಕೈಬಿಡಲಿಲ್ಲ. ಪರದೆಯ ಮೇಲಿನ ಅಕ್ಷರವನ್ನು ಬಾಯಿಬಿಟ್ಟು ಓದುವ ಒಂದು ಡಬ್ಬಿಯನ್ನು ಎಲ್ಲಿಂದಲೋ ಎರವಲು ತರಿಸಿ ಕಳಿಸಿದರು. ಅದರ ಜೊತೆಗೆ ಅದನ್ನು ಜೋಡಿಸಲು ಬಂದವನು ಸುಧೀರ. ಬೆಂಗಳೂರಿನವನು, ಇಂಜಿನಿಯರು. ತಂದೆ ಕಾಲೇಜಿನಲ್ಲಿ ಪಾಠ ಹೇಳುವವರು, ತಾಯಿಯೂ ಪದವೀಧರೆ. ನಾನು ಆರು ತಿಂಗಳು ಹೆಣಗಿ ಕಲಿತದ್ದನ್ನು ಅವನು ಮನೆಯಲ್ಲಿ ಊಟ ಮಾಡುತ್ತ ಕಲಿತಿರಬೇಕು ಅನ್ನಿಸಿತು. ಒಳ್ಳೆಯ ಹುಡುಗ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೊಂದು ಕಾರಣವಾದರೂ ಸಿಗುತ್ತಿತ್ತು.

ಡಬ್ಬಿ ಇಟ್ಟಿಗೆಯಷ್ಟು ದೊಡ್ಡದು. ಸುಧೀರ ತಂತಿ ಸಿಕ್ಕಿಸಿ, ಖಾಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಒತ್ತಿ, ಮಾಂತೇಶನ ಬೆರಳನ್ನು ಕೀಬೋರ್ಡಿನ ಒಂದು ಕೀಲಿಯ ಮೇಲಿಟ್ಟು ಒತ್ತು ಎಂದ. ನೆಗಡಿಯಾದ ಪರದೇಶಿಯ ದನಿಯಲ್ಲಿ ಡಬ್ಬಿ ಮಾತಾಡಿತು: ಮಾಂತೇಶ್, ಗುಡ್ ಮಾರ್ನಿಂಗ್. ಮಾಂತೇಶ ಕೈ ತೆಗೆದುಬಿಟ್ಟ. ಮತ್ತೆ ಇಟ್ಟ, ಮತ್ತೆ ಒತ್ತಿದ. ಅವನ ಮುಖ ನಾನು ಯಾವತ್ತೂ ನೋಡದ ಹಾಗೆ ಆಗಿತ್ತು. ನಾನು ಅಷ್ಟು ವರ್ಷ ಓದಿ ಹೇಳಿದರೂ ಆ ಮುಖ ಬಂದಿರಲಿಲ್ಲ. ಅವನು ಸುಧೀರನ ಕೈ ಹುಡುಕಿ ಎರಡೂ ಕೈಯಿಂದ ಹಿಡಿದುಕೊಂಡ. ನಾನು ಎದ್ದು ಹೋಗಿ ಮಡಕೆಯ ನೀರು ಕುಡಿದು ಬಂದೆ.

ಬಂದಾಗ ಸುಧೀರ ನನ್ನ ಕನ್ನಡದ ಪರದೆಯನ್ನು ತೆರೆದಿದ್ದ. ಮಾಂತೇಶ ಕೀಲಿ ಒತ್ತಿದ. ಡಬ್ಬಿ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದ. ಸುಮ್ಮನೆ. ಸುಧೀರ ಬಗ್ಗಿ ನನ್ನ ಅಕ್ಷರಗಳನ್ನು ಹತ್ತಿರದಿಂದ ನೋಡಿ, ಬಹಳ ಚೆನ್ನಾಗಿ ಮಾಡಿದ್ದೀರಿ ಎಂದು ಮೊದಲು ಹೊಗಳಿ, ಆಮೇಲೆ ಮೆಲ್ಲಗೆ ಹೇಳಿದ:

“ಮೇಡಂ, ಇದು ಅಕ್ಷರ ಅಲ್ಲ, ಚಿತ್ರ. ಯಂತ್ರದ ಲೆಕ್ಕದಲ್ಲಿ ಇಲ್ಲಿ ಏನೂ ಬರೆದಿಲ್ಲ.”

ನನ್ನ ಅಕ್ಷರ ಅಕ್ಷರವೇ ಅಲ್ಲವಂತೆ. ಅಕ್ಷರವಿಲ್ಲದ ಮನೆಯಿಂದ ಬಂದವಳಿಗೆ ಆಡುವ ಮಾತೇ ಅದು? ಆದರೆ ಅವನು ವಿವರಿಸಿದಾಗ ತಪ್ಪು ಹುಡುಕಲು ಆಗಲಿಲ್ಲ. ಕೀಲಿ ಒತ್ತಿ ಮೂಡಿಸಿದ ಇಂಗ್ಲಿಷ್ ಅಕ್ಷರವಾದರೆ ಅದು ಯಾವ ಅಕ್ಷರ ಎಂಬ ಗುರುತು ಯಂತ್ರದ ಒಳಗೂ ಇರುತ್ತದೆ. ಡಬ್ಬಿ ಆ ಗುರುತು ಹಿಡಿದು ಓದುತ್ತದೆ. ನನ್ನ ‘ಶಿರೂರು’ ಒಳಗಡೆ ಬರೀ ಹೊತ್ತಿದ ಚುಕ್ಕಿ, ಆರಿದ ಚುಕ್ಕಿ. ಕಣ್ಣಿದ್ದವರಿಗೆ ಮಾತ್ರ ಅದು ಊರು.

ಸುಧೀರನ ಉಪಾಯ ಸರಳವಾಗಿತ್ತು: ಕನ್ನಡ ತೆಗೆದು ಇಂಗ್ಲಿಷಿನಲ್ಲಿ ಹಾಕುವುದು. ಮಾಂತೇಶ ಆಗಲಿ ಎಂದುಬಿಟ್ಟ. ಅವನ ಮೇಲೂ ಸಿಟ್ಟು ಬಂತು. ಪಾಳಿ ನೋಡಲು ಕಿಟಕಿಯಲ್ಲಿ ಇಣುಕುವ ರೈತರು ಇಂಗ್ಲಿಷ್ ಓದುತ್ತಾರೆಯೇ ಎಂದು ಕೇಳಿದೆ. ಕೇಳಿದ್ದು ರೈತರಿಗಾಗಿಯೋ ನನ್ನ ಅಕ್ಷರಗಳಿಗಾಗಿಯೋ ಈಗ ಹೇಳಲಾರೆ, ಎರಡೂ ಇದ್ದಿರಬೇಕು. ಸುಧೀರನಿಗೆ ಬೇರೆ ಊರಲ್ಲಿ ಕೆಲಸವಿತ್ತು; ಸಭೆಯ ದಿನ ಬರುತ್ತೇನೆ, ಅಷ್ಟರೊಳಗೆ ತೀರ್ಮಾನಿಸಿ ಎಂದು ಹೋದ. ಹೋಗುವಾಗ ಡಬ್ಬಿಯ ಪುಸ್ತಕ ಕೊಟ್ಟು ಹೋದ. ಇಂಗ್ಲಿಷಿನ ಪುಸ್ತಕ. ಒಂದು ಪುಟಕ್ಕೆ ನಾಲ್ಕು ಸಲ ಡಿಕ್ಷನರಿ ತೆಗೆದರೂ ಬಿಡಬಾರದು ಅಂದುಕೊಂಡೆ.

ಅದರಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ತಂತಿಯ ಮೇಲೆ ನಾವೇ ಅಕ್ಷರ ಕಳಿಸಿದರೆ ಡಬ್ಬಿ ಅದನ್ನೂ ಓದುತ್ತಿತ್ತು. ಅದು ಪರದೆಯ ಮೇಲೆ ಕಾಣಲೇಬೇಕೆಂದಿರಲಿಲ್ಲ. ಹಾಗಾದರೆ ಚಿತ್ರ ಚಿತ್ರವಾಗಿಯೇ ಇರಲಿ. ಪ್ರತಿ ಸಾಲಿನ ಹಿಂದೆ, ಯಾರಿಗೂ ಕಾಣದಂತೆ, ಅದೇ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟೆ. ಮಾಂತೇಶ ಬಾಣದ ಕೀಲಿ ಒತ್ತಿ ಯಾವ ಸಾಲಿಗೆ ಬರುತ್ತಾನೋ ಆ ಸಾಲಿನ ಮಾತು ಡಬ್ಬಿಗೆ ಹೋಗಬೇಕು. ಇಳಕಲ್ ಸೀರೆಗೂ ಮುಂದೊಂದು ಮುಖ, ಹಿಂದೊಂದು ಮುಖ ಇರುತ್ತದೆ. ಹಿಂದಿನದನ್ನು ಯಾರೂ ಹೊಗಳುವುದಿಲ್ಲ, ಆದರೆ ಎಳೆ ಓಡುವುದು ಅಲ್ಲಿಯೇ.

ಸುಧೀರನಿಲ್ಲದ ಆ ದಿನಗಳು ನನಗೆ ಸುಖದ ದಿನಗಳು. ಮಾಂತೇಶ ಮತ್ತೆ ನನ್ನ ಪಕ್ಕದಲ್ಲಿ. ಬಿಸಿಲು ಏರಿದಂತೆ ಹತ್ತಿಯ ದೂಳು ಕಿಟಕಿಯಿಂದ ಬಂದು ಕೀಲಿಗಳ ಮೇಲೆ ಕೂಡುತ್ತಿತ್ತು, ಫ್ಯಾನು ಹಾಕಿದರೆ ಇನ್ನೂ ಹೆಚ್ಚು. ಮೊದಲ ಸಲ ನಾನು ಡಬ್ಬಿಯಿಂದ ಎಲ್ಲ ಊರುಗಳನ್ನೂ ಒಂದೇ ಉಸಿರಿಗೆ ಹೇಳಿಸಿಬಿಟ್ಟೆ. ಮಾಂತೇಶ ಕಿವಿ ಮುಚ್ಚಿಕೊಂಡ. ಸಂತೆಯ ನಡುವೆ ನಿಲ್ಲಿಸಿದಿರಲ್ಲ, ನಾನು ಕೇಳಿದ್ದಷ್ಟೇ ಹೇಳಲಿ, ಬೇಡವೆಂದಾಗ ಬಾಯಿ ಮುಚ್ಚಲಿ ಎಂದ. ಹಾಗೆ ಮಾಡಿದೆ. ಡಬ್ಬಿ ತುಳಸಿಗೇರಿಯನ್ನು ಹೇಳುವ ರೀತಿಗೆ ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು, ಹಮಾಲರು ಬಂದು ಇಣುಕಿ ಹೋದರು. ಆ ಊರಿನ ಗುಡಿಯ ಹನುಮಪ್ಪ ಕೇಳಿದರೆ ಊರು ಬಿಟ್ಟು ಹೋಗುತ್ತಾನೆ ಎಂದ ಮಾಂತೇಶ. ನಡುನಡುವೆ ಮಾತ್ರ, ಸುಧೀರ ಸರ್ ಇದನ್ನು ಕೇಳಿದರೆ ಏನೆನ್ನುತ್ತಾರೋ ಎನ್ನುತ್ತಿದ್ದ. ಆಗ ನನ್ನ ಬೆರಳು ತಪ್ಪು ಕೀಲಿಯ ಮೇಲೆ ಬೀಳುತ್ತಿತ್ತು.

ಸಭೆಯ ದಿನ ಬಂತು. ಸುಧೀರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಚೇರ್ಮನ್ನರು, ಡೈರೆಕ್ಟರರು ನಮ್ಮ ಕೋಣೆಯಲ್ಲೇ ಖುರ್ಚಿ ಹಾಕಿಸಿಕೊಂಡು ಕುಳಿತರು. ನನ್ನನ್ನು ಮೇಜಿನಿಂದ ದೂರ, ಗೋಡೆಗೆ ನಿಲ್ಲಿಸಿದರು, ನಾನು ಹೇಳಿಕೊಡಬಾರದಲ್ಲ. ಮಾಂತೇಶ ಡಬ್ಬಿಯ ಮುಂದೆ ಒಬ್ಬನೇ. ಶಿರೂರಿನ ಡೈರೆಕ್ಟರರೊಬ್ಬರು ಆಚೆ ಕೋಣೆಗೆ ಹೋಗಿ ಅಲ್ಲಿಂದ ಫೋನು ಮಾಡಿ, ಬಾದಾಮಿಯವರ ಪಾಳಿ ಯಾವಾಗ ಎಂದು ಕೇಳಿದರು. ಮಾಂತೇಶ ಬಾಣ ಒತ್ತುತ್ತ ಹೋಗಿ, ಕೇಳಿ, ನಾಳೆ ಎಂದ. ಹುನಗುಂದ? ನಾಡಿದ್ದು ಎಂದ. ಎಲ್ಲ ಸರಿ. ಚೇರ್ಮನ್ನರ ತಲೆ ಮೇಲೆ ಕೆಳಗೆ ಆಡತೊಡಗಿತು. ಶಿರೂರಿನವರು ತಮ್ಮ ಊರಿನದನ್ನು ಕೇಳಿದರು. ಡಬ್ಬಿ ಹೇಳಿತು, ಮಾಂತೇಶ ಕೇಳಿ ಹೇಳಿದ: “ಇವತ್ತ ಐತ್ರಿ. ಬಂಡಿ ಕಟ್ಟರಿ.”

ಖುರ್ಚಿಯಲ್ಲಿದ್ದವರೆಲ್ಲ ಪರದೆಯತ್ತ ಬಗ್ಗಿದರು. ಪರದೆಯ ಮೇಲೆ ಶಿರೂರು ಕೆಂಪಾಗಿ ಉರಿಯುತ್ತಿತ್ತು. ಗೋದಾಮು ತುಂಬಿದ್ದರಿಂದ ಅಂದು ಬೆಳಿಗ್ಗೆಯೇ ಆ ಪಾಳಿ ನಿಂತಿತ್ತು.

ಯಾರೋ ಒಬ್ಬರು, ಕೆಂಪು ಕಾಣುವುದಿಲ್ಲವೇ ಎನ್ನಲು ಹೋಗಿ ಅರ್ಧಕ್ಕೇ ನುಂಗಿಕೊಂಡರು. ಶಿರೂರಿನವರು ಈಚೆ ಬಂದು, ಇದನ್ನು ನಂಬಿ ನನ್ನ ಊರಿನ ಮಂದಿ ಬಂದಿದ್ದರೆ ರಸ್ತೆಯಲ್ಲಿ ಎತ್ತಿಗೆ ನೀರು ಯಾರು ಕುಡಿಸುತ್ತಿದ್ದರು ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಚೇರ್ಮನ್ನರು ಉಸಿರು ಬಿಟ್ಟು, ಹುಡುಗನಿಗೆ ಬೇರೆ ಎಲ್ಲಾದರೂ ನೋಡೋಣ, ಇದು ಆಗುವ ಮಾತಲ್ಲ ಎಂದರು. ಮಾಂತೇಶ ಅದೇ ಕೀಲಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದ. ಡಬ್ಬಿ ಅದನ್ನೇ ಮತ್ತೆ ಮತ್ತೆ ಹೇಳುತ್ತಿತ್ತು. ಸುಧೀರ ಮೊಣಕಾಲೂರಿ ತಂತಿ ಎಳೆದು ಎಳೆದು ನೋಡುತ್ತಿದ್ದ. ಅವನ ಬಿಳಿ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಒಂದು ಗಳಿಗೆ ನನಗೆ ಹಿತವಾಯಿತು. ಸುಧೀರನ ಡಬ್ಬಿ ಎಲ್ಲರ ಮುಂದೆ ಸೋತಿತ್ತು. ಆಮೇಲೆ ಮಾಂತೇಶನ ಬೆರಳು ನೋಡಿದೆ. ಇನ್ನೂ ಒತ್ತುತ್ತಲೇ ಇತ್ತು. ಡಬ್ಬಿಯ ಮಾತನ್ನು ಆಗ ಸರಿಯಾಗಿ ಕೇಳಿಸಿಕೊಂಡೆ: ಶಿರೂರು, ಇವತ್ತು. ಸಾಲಿನಲ್ಲಿ ಬರೆದಿದ್ದದ್ದೇ ಅಷ್ಟು. ಪಾಳಿ ನಿಂತಾಗ ಸಾಲಿನ ಬಣ್ಣ ಮಾತ್ರ ಬದಲಾಗುತ್ತಿತ್ತು, ಅಕ್ಷರ ಅದೇ ಇರುತ್ತಿತ್ತು. ತಂತಿಯಲ್ಲಿ ಬಣ್ಣ ಹೋಗುವುದಿಲ್ಲ. ಸುಧೀರ ಇನ್ನೂ ತಂತಿಯಲ್ಲೇ ಇದ್ದ, ಅವನಿಗೆ ಹೊಳೆದಿರಲಿಲ್ಲ.

“ಸಾಹುಕಾರ್ರ, ಮಾಂತೇಶ ಸರಿ ಹೇಳ್ಯಾನ್ರಿ,” ಎಂದೆ. “ಪಾಳಿ ನಿಂತೈತಿ ಅಂತ ಅಲ್ಲಿ ಎಲ್ಲೂ ಬರದಿಲ್ಲ. ಬರೇ ಬಣ್ಣ ಐತಿ.”

“ಕೆಂಪ ಅಂದ್ರ ನಿಂತಂಗ. ಅದನ್ನೇನ ಬರೀಬೇಕವಾ?”

“ಕಂಡವರಿಗೆ ಬ್ಯಾಡ್ರಿ. ಉಳದವರಿಗೆ ಬರೀಬೇಕು. ಚಾ ತರಸ್ರಿ, ಕುಡಿಯೂದ್ರಾಗ ಬರದ ಕೊಡ್ತೇನಿ.”

ಅಷ್ಟು ಮಂದಿಯ ಮುಂದೆ ಹೋಗಿ ಕುಳಿತೆ. ಸಾಲು ಕೆಂಪಾದರೆ ಹಿಂದಿನ ಮಾತು ‘ಇವತ್ತು’ ಇರಬಾರದು, ‘ನಿಂತೈತಿ’ ಆಗಬೇಕು. ಅದು ಒಂದೆರಡು ಸಾಲಿನ ಕೆಲಸ. ಹಾಗೆಯೇ ಪರದೆಯ ಮೇಲೂ ಕೆಂಪು ಸಾಲಿನ ತುದಿಗೆ, ಮೊದಲೇ ಚುಕ್ಕಿ ಮಾಡಿಟ್ಟಿದ್ದ ಅಕ್ಷರ ಜೋಡಿಸಿ ‘ನಿಂತಿದೆ’ ಎಂದು ಮೂಡಿಸಿದೆ. ಚಹಾದ ಕಪ್ಪು ಬಸಿಗಳು ಇನ್ನೂ ಸದ್ದು ಮಾಡುತ್ತಿದ್ದವು. ಮಾಂತೇಶ ಒತ್ತಿದ. ನೆಗಡಿಯ ಪರದೇಶಿ ಹೇಳಿದ: ಶಿರೂರು, ನಿಂತೈತಿ. ನಮ್ಮ ಮಾತನ್ನು ಆ ದನಿಯಲ್ಲಿ ಕೇಳಿ ಮೊದಲು ಶಿರೂರಿನವರೇ ನಕ್ಕರು. ಹಿಂದೆ ಕುಳಿತಿದ್ದ ಮುದುಕ ಡೈರೆಕ್ಟರರೊಬ್ಬರು ಮಾತ್ರ ನಗದೆ ಕನ್ನಡಕ ಒರೆಸಿಕೊಳ್ಳುತ್ತ, ಈ ಸುಗ್ಗಿ ಪೂರ್ತಿ ನನಗೆ ಅದರಲ್ಲಿ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗುತ್ತಿರಲಿಲ್ಲ, ಕೇಳಿದರೆ ನಗುತ್ತಾರೆಂದು ಸುಮ್ಮನಿದ್ದೆ, ಈಗ ಓದಲು ಬಂತು ನೋಡಿ ಎಂದರು.

ಮಾಂತೇಶ ಉಳಿದ. ಚೇರ್ಮನ್ನರು ಎದ್ದು ಸುಧೀರನ ಬೆನ್ನು ತಟ್ಟಿ, ಭಾರೀ ಡಬ್ಬಿ ತಂದಿರಿ ಎಂದರು. ಇನ್ನೊಬ್ಬರಾಗಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ನಾನು ಸುಮ್ಮನಿರುವವಳಲ್ಲ.

“ಡಬ್ಬಿ ಅವರದ ಖರೆ. ಅದರೊಳಗಿನ ಮಾತು ನಂದ್ರಿ.”

ಚೇರ್ಮನ್ನರು, ಆಯಿತವ್ವಾ, ಯಾರು ಇಲ್ಲ ಅಂದರು ಎಂದು ನಗುತ್ತ ಹೊರಟುಹೋದರು. ಸುಧೀರ ಕೈಮುಗಿದು, ನನಗೆ ಇದು ಹೊಳೆದಿರಲಿಲ್ಲ ಮೇಡಂ, ಮುಂದೆ ಎಲ್ಲಿ ಜೋಡಿಸಿದರೂ ಬಣ್ಣಕ್ಕೆ ಮಾತು ಇದೆಯೇ ಎಂದು ಮೊದಲು ನೋಡುತ್ತೇನೆ ಎಂದ. ಮನಸ್ಸಿನಿಂದಲೇ ಹೇಳಿದ. ಅದಕ್ಕೆ ಇನ್ನಷ್ಟು ಉರಿಯಿತು. ಸಂಜೆ ಮಾಂತೇಶ ಅವನ ತೋಳು ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬರಲು ಹೋದ. ಕಿಟಕಿಯಲ್ಲಿ ನಿಂತು ಇಬ್ಬರ ಬೆನ್ನನ್ನೂ ನೋಡಿದೆ.

ಮುಂದಿನ ವಾರದಿಂದ ನನ್ನನ್ನು ಯಾರೂ ಕರೆಯಲಿಲ್ಲ. ಫೋನು ಬರುತ್ತಿತ್ತು, ಮಾಂತೇಶ ಕೀಲಿ ಒತ್ತುತ್ತಿದ್ದ, ಹೇಳುತ್ತಿದ್ದ. ಅವನ ಬೆರಳು ದಿನದಿಂದ ದಿನಕ್ಕೆ ಚುರುಕಾಯಿತು. ಆಫೀಸಿನ ನೋಟೀಸು ಬಂದರೆ, ಅದನ್ನೂ ಕಂಪ್ಯೂಟರಿನಲ್ಲಿ ಹಾಕಿಬಿಡಿ, ನಾನೇ ಕೇಳಿಕೊಳ್ಳುತ್ತೇನೆ ಎನ್ನತೊಡಗಿದ. ನಾನು ಮೂರು ದಿನ ತಡೆದೆ. ನಾಲ್ಕನೆಯ ದಿನ, ಡಬ್ಬಿ ಬಂದ ಮೇಲೆ ನಮ್ಮನ್ನು ಯಾರು ಕೇಳುತ್ತಾರೆ ಎಂದು ಅವನಿಗೆ ಕೇಳುವ ಹಾಗೆ ಅಂದೆ. ಅವನು ಹಾಸ್ಯ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ.

“ಅಕ್ಕಾರ, ನಿಮಗ ಸಿಟ್ಟ ಇದ್ದ ದಿನ ನಿಮ್ಮ ಹೆಜ್ಜಿ ಸಪ್ಪಳದಾಗ ನನಗ ತಿಳೀತಿತ್ರಿ. ಅವತ್ತ ನಾ ಪೇಪರ ಕೇಳ್ತಿದ್ದಿಲ್ಲ. ಅವ್ವನ ಪತ್ರ ಬಂದ್ರ ಕಿಸೇದಾಗ ಇಟಗೊಂಡ ಓದಸದ ಹಂಗ ಮನಿಗೆ ಹೋಗ್ತಿದ್ನಿ. ಡಬ್ಬಿ ಹೆಜ್ಜಿ ಹಾಕೂದಿಲ್ರಿ.”

ಅಷ್ಟರಲ್ಲಿ ಫೋನು ಬಂತು, ಅವನು ಆ ಕಡೆ ತಿರುಗಿದ. ಸಿಟ್ಟು ಬಂತೆಂದರೆ ಬಂತು. ಅದು ಯಾರ ಮೇಲೆ ಎಂಬುದು ತಿಳಿಯಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತೆ. ನೋಟೀಸು ಬೋರ್ಡಿನ ಮೇಲಿದ್ದದ್ದನ್ನೆಲ್ಲ ಬಿಚ್ಚಿ ತಂದಿಟ್ಟುಕೊಂಡು, ರಜೆಯ ದಿನಗಳು, ಪಗಾರದ ತಾರೀಖು, ಬಸ್ಸಿನ ವೇಳೆ, ಹಮಾಲರ ಸಂಘದ ಸಭೆ, ಒಂದನ್ನೂ ಬಿಡದೆ, ಅವನು ಕೇಳುವ ಮೊದಲೇ, ಡಬ್ಬಿಗೆ ತಿಳಿಯುವ ಅಕ್ಷರದಲ್ಲಿ ಬರೆಯಲು ಶುರು ಮಾಡಿದೆ.